ರಾಮನಾಥಪುರದ ದೇವರ ಮೀನುಗಳು ಮತ್ತು ನೀರಿನ ಉಸಿರು

ಹಾಸನ ಜಿಲ್ಲೆಯ ನದಿ ಯಾವುದು ಎಂದು ತರಗತಿಯಲ್ಲಿ ಕೇಳಿ ನೋಡಿ. ಹೇಮಾವತಿ ಎಂಬ ಉತ್ತರ ತಕ್ಷಣ ಬರುತ್ತದೆ. ಹೊಳೆನರಸೀಪುರದ ಮಕ್ಕಳಿಗೆ ಅದು ಊರ ಪಕ್ಕದ ಹೊಳೆ. ಚನ್ನರಾಯಪಟ್ಟಣದವರಿಗೆ ನಾಲೆಯಲ್ಲಿ ಬರುವ ನೀರು. ಆದರೆ ಕಾವೇರಿಯೂ ಈ ಜಿಲ್ಲೆಯನ್ನು ಹಾದುಹೋಗುತ್ತದೆ. ಕೊಡಗಿನಿಂದ ಇಳಿದ ನದಿ ಅರಕಲಗೂಡು ತಾಲೂಕಿನ ಕೊಣನೂರು, ರಾಮನಾಥಪುರಗಳ ಬಳಿ ಹರಿದು ಮುಂದೆ ಮೈಸೂರು ಜಿಲ್ಲೆಯತ್ತ ಸಾಗುತ್ತದೆ.

ರಾಮನಾಥಪುರದ ರಾಮೇಶ್ವರ ದೇವಾಲಯದ ಬಳಿ, ನದಿಯಲ್ಲೇ ವಹ್ನಿ ಪುಷ್ಕರಿಣಿ ಎಂಬ ಮಡು ಇದೆ. ಇಲ್ಲಿ ಮೀನು ಹಿಡಿಯುವುದು ನಿಷಿದ್ಧ. ಹೀಗಾಗಿ ಮಹಶೀರ್ ಗುಂಪಿನ ದೊಡ್ಡ ಹುರುಪೆಯ ಮೀನುಗಳು ಮನುಷ್ಯರಿಗೆ ಹೆದರದೆ ದಡದವರೆಗೂ ಬರುತ್ತವೆ. ಜನರಿಗೆ ಇವು ದೇವರ ಮೀನುಗಳು. ನೋಡಲು, ಮೀಯಲು, ಪುರಿ ಎಸೆಯಲು ಪ್ರವಾಸಿಗರು ಬರುತ್ತಾರೆ. ನೀವೂ ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋಗಬಹುದು. ಹೋಗುವ ಮುನ್ನ ಒಂದು ಪ್ರಶ್ನೆಗೆ ಉತ್ತರ ತಿಳಿದಿರಲಿ: ಈ ಮೀನುಗಳು ಬೇಸಿಗೆಯಲ್ಲಿ ಬದುಕುವುದು ಹೇಗೆ?

ಬೇಸಿಗೆಯ ನೀರು ಎಲ್ಲಿಂದ?

ಏಪ್ರಿಲ್ ತಿಂಗಳಲ್ಲಿ ಮಳೆ ಕಡಿಮೆ, ಆದರೂ ನದಿಯಲ್ಲಿ ನೀರಿರುತ್ತದೆ. ಅಣೆಕಟ್ಟಿನಿಂದ ಬಿಡುವ ನೀರನ್ನು ಬಿಟ್ಟರೆ ಉಳಿದದ್ದು ಒರತೆಗಳ ಕೊಡುಗೆ. ನಮ್ಮ ನೆಲದ ಶಿಲೆಗಳು ಬಹಳ ಹಳೆಯವು. ಗೊರೂರು ಸುತ್ತಲಿನ ನೈಸ್ ಶಿಲೆಯ ವಯಸ್ಸು ಸುಮಾರು 330 ಕೋಟಿ ವರ್ಷ. ಇಂಥ ಗಟ್ಟಿ ಕಲ್ಲಿನೊಳಗೆ ನೀರು ನಿಲ್ಲಲು ರಂಧ್ರಗಳಿಲ್ಲ. ಮೇಲಿನ ಶಿಥಿಲ ಪದರ ಮತ್ತು ಬಿರುಕುಗಳಲ್ಲಿ ಮಾತ್ರ ಅದು ಸಂಗ್ರಹವಾಗುತ್ತದೆ. ಪಶ್ಚಿಮ ಘಟ್ಟದಲ್ಲಿ ಸುರಿದ ಮಳೆ ಕಾಡಿನ ಮಣ್ಣಿನ ಮೂಲಕ ಹೀಗೆ ಇಂಗಿ, ತಗ್ಗಿನಲ್ಲಿ ಒರತೆಯಾಗಿ ಹೊರಬಂದು ಹಳ್ಳ ಸೇರುತ್ತದೆ. ಮಳೆ ನಿಂತ ಮೇಲೂ ಹರಿಯುವ ಈ ನೀರಿಗೆ ತಳಹರಿವು ಎನ್ನುತ್ತಾರೆ. ಮೇಲಿನ ಕಾಡು ತೆಳುವಾದರೆ ಕೆಳಗಿನ ಮಡುವಿಗೆ ಬೇಸಿಗೆಯಲ್ಲಿ ಬರುವ ಹೊಸ ನೀರು ಕಡಿಮೆಯಾಗುತ್ತದೆ.

ನೀರಿನಲ್ಲಿರುವ ಆಕ್ಸಿಜನ್

ಮೀನು ಕಿವಿರುಗಳ ಮೂಲಕ ಹೀರುವುದು ನೀರಿನಲ್ಲಿ ವಿಲೀನವಾದ ಆಕ್ಸಿಜನ್ನನ್ನು. ನೀರು ಬಿಸಿಯಾದಂತೆ ಅದು ಹಿಡಿದಿಟ್ಟುಕೊಳ್ಳುವ ಅನಿಲ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿಯಬಲ್ಲದು. 30 ಡಿಗ್ರಿಯಲ್ಲಿ 7.5 ಮಿಲಿಗ್ರಾಂ ಮಾತ್ರ. ಎತ್ತರದಲ್ಲಿರುವ ನಮ್ಮ ಜಿಲ್ಲೆಯಲ್ಲಿ ವಾಯು ಒತ್ತಡ ಕಡಿಮೆ, ಆದ್ದರಿಂದ 7 ಮಿಲಿಗ್ರಾಂ ಎನ್ನೋಣ. ಮೀನುಗಳು ಆರೋಗ್ಯವಾಗಿರಲು ಸಾಮಾನ್ಯವಾಗಿ 5 ಮಿಲಿಗ್ರಾಂ ಆದರೂ ಇರಬೇಕು. ಅಂದರೆ ಬೇಸಿಗೆಯ ಮಧ್ಯಾಹ್ನ ಉಳಿಯುವ ಅಂತರ ಬಹಳ ಚಿಕ್ಕದು.

ಈಗ ನಾವು ಎಸೆಯುವ ಪುರಿಯ ಲೆಕ್ಕ ಹಾಕೋಣ. ಮೀನು ತಿನ್ನದೆ ಬಿಟ್ಟದ್ದು ತಳ ಸೇರಿ ಕೊಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಆಕ್ಸಿಜನ್ ಬೇಕು. ಪಿಷ್ಟದ ಒಂದು ಘಟಕದ ಅಣುತೂಕ 162. ಅದು ಪೂರ್ಣವಾಗಿ ಉತ್ಕರ್ಷಿತವಾಗಲು 192 ಭಾಗ ಆಕ್ಸಿಜನ್ ಬೇಕು. ಹೀಗಾಗಿ ಒಂದು ಕಿಲೋಗ್ರಾಂ ಪಿಷ್ಟಕ್ಕೆ ಸುಮಾರು 1.2 ಕಿಲೋಗ್ರಾಂ ಆಕ್ಸಿಜನ್. ಲೀಟರಿಗೆ 7 ಮಿಲಿಗ್ರಾಂನಂತೆ ಇದು ಸುಮಾರು 1.7 ಲಕ್ಷ ಲೀಟರ್ ನೀರಿನಲ್ಲಿರುವ ಆಕ್ಸಿಜನ್ನಿಗೆ ಸಮ! ಕಲ್ಲುಗಳ ಮೇಲೆ ಧುಮುಕುವ ನೀರು ಗಾಳಿಯಿಂದ ಮತ್ತೆ ಆಕ್ಸಿಜನ್ ಪಡೆಯುತ್ತದೆ, ನಿಜ. ಆದರೆ ಹರಿವು ಕುಗ್ಗಿದ ಮಡುವಿನಲ್ಲಿ ಈ ಮರುಪೂರಣ ನಿಧಾನ. ಜಾತ್ರೆಯ ದಿನ ಸಾವಿರ ಕೈಗಳು ಒಂದೊಂದು ಹಿಡಿ ಎಸೆದರೆ ಏನಾದೀತು ಎಂದು ನೀವೇ ಊಹಿಸಿ.

ಸಾಬೂನು, ಶಾಂಪೂಗಳದು ಇನ್ನೊಂದು ಬಗೆಯ ಹಾನಿ. ಅವುಗಳಲ್ಲಿರುವ ಮಾರ್ಜಕಗಳು ಕಿವಿರಿನ ಮೇಲಿನ ಲೋಳೆಪದರವನ್ನು ಕೆಡಿಸುತ್ತವೆ. ನೀರಿನಲ್ಲಿ ಆಕ್ಸಿಜನ್ ಇದ್ದರೂ ಮೀನು ಉಸಿರಾಡಲು ಕಷ್ಟಪಡುತ್ತದೆ.

ಕಳೆದುಕೊಂಡರೆ ಮರಳಿ ಸಿಗದು

ಕಾವೇರಿ ಜಲಾನಯನದಲ್ಲಿ ಮಾತ್ರ ಸಿಗುವ ಡುಬ್ಬದ ಮಹಶೀರ್ 50 ಕಿಲೋಗ್ರಾಂ ಮೀರಿ ಬೆಳೆಯಬಲ್ಲದು. ಅದರ ವೈಜ್ಞಾನಿಕ ಹೆಸರು ಟಾರ್ ರೆಮದೇವಿ ಎಂದು ನಿರ್ಧಾರವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಅಣೆಕಟ್ಟುಗಳು ನದಿಯನ್ನು ತುಂಡರಿಸಿರುವಾಗ, ಮೀನು ಹಿಡಿಯದ ಮಡುಗಳು ಮಹಶೀರ್‌ಗಳಿಗೆ ಉಳಿದಿರುವ ಆಸರೆ. ಆದರೆ ಒಂದೇ ಕಡೆ ಗುಂಪಾಗಿರುವುದರಿಂದ ಅಪಾಯವೂ ಒಮ್ಮೆಗೇ ಬರಬಹುದು. ದಕ್ಷಿಣ ಕನ್ನಡದ ಶಿಶಿಲದ ಮತ್ಸ್ಯತೀರ್ಥದಲ್ಲಿ 1996ರಲ್ಲಿ ಯಾರೋ ಹಾಕಿದ ವಿಷಕ್ಕೆ ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ.

ನೀವು ಮಾಡಬಹುದಾದದ್ದು

* ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಹೊತ್ತು ನೀರಿನ ತಾಪ ಅಳೆಯಿರಿ.

* ಒಂದು ಎಲೆಯನ್ನು ತೇಲಿಬಿಟ್ಟು, 10 ಮೀಟರ್ ಸಾಗಲು ಹಿಡಿಯುವ ಸಮಯದಿಂದ ಹರಿವಿನ ವೇಗ ಕಂಡುಹಿಡಿಯಿರಿ.

* ತಣ್ಣೀರು ತುಂಬಿದ ಗಾಜಿನ ಲೋಟವನ್ನು ಬಿಸಿಲಲ್ಲಿಡಿ. ಒಳಬದಿಯಲ್ಲಿ ಮೂಡುವ ಗುಳ್ಳೆಗಳು, ಬಿಸಿಯಾದ ನೀರು ಬಿಟ್ಟುಕೊಟ್ಟ ಗಾಳಿ.

* ಮಿಂಚುಳ್ಳಿ, ನೀರುಕಾಗೆ ಮುಂತಾದ ಹಕ್ಕಿಗಳನ್ನು ಪಟ್ಟಿಮಾಡಿ.

* ಮಡುವಿಗಿಳಿದು ಈಜಬೇಡಿ. ಆಳ ಹೊರಗೆ ಕಾಣುವುದಿಲ್ಲ, ಮೇಲಿನ ಹಾರಂಗಿ ಜಲಾಶಯದಿಂದ ನೀರು ಬಿಟ್ಟಾಗ ಮಟ್ಟ ಏರುತ್ತದೆ.

* ಮೆಟ್ಟಿಲ ಮೇಲೆ ನಿಂತು ಬರಿ ನೀರಿನಲ್ಲಿ ಕೈಕಾಲು ತೊಳೆಯಿರಿ, ಸಾಬೂನು ಚೀಲದಲ್ಲೇ ಇರಲಿ.

ಪುರಿ ಕೊಳ್ಳಲು ಮಕ್ಕಳು ಹಟ ಹಿಡಿದರೆ ಬೇಡವೆಂದು ಗದರಬೇಡಿ. ಮೇಲಿನ ಲೆಕ್ಕವನ್ನು ಮಡುವಿನ ದಡದಲ್ಲೇ ಕೂತು ಅವರಿಂದಲೇ ಮಾಡಿಸಿ. ಮಹಶೀರ್ ಪಾಚಿ, ಕೀಟ, ಬಸವನಹುಳು, ನದಿಗೆ ಬಿದ್ದ ಹಣ್ಣುಗಳನ್ನೆಲ್ಲ ತಿಂದು ಬದುಕುವ ಜೀವಿ. ನಮ್ಮಿಂದ ಅದಕ್ಕೆ ಬೇಕಾದದ್ದು ಆಹಾರವಲ್ಲ, ಉಸಿರಾಡಲು ಯೋಗ್ಯವಾದ ನೀರು.