ವಿದ್ಯುತ್ ಮಿತವ್ಯಯದ ಪ್ರೊಸೆಸರ್: ಯುರೋಪಿನ ಸ್ವಾವಲಂಬನೆಯ ಯತ್ನ

ಕಾರ್ಖಾನೆ ನಡೆಸುವವರಿಗೆ ವಿದ್ಯುತ್ ಬಿಲ್ಲಿನ ಭಾರವನ್ನು ವಿವರಿಸಬೇಕಾಗಿಲ್ಲ. ಸೂಪರ್ ಕಂಪ್ಯೂಟರ್ ಕೇಂದ್ರಗಳೂ ಇದಕ್ಕೆ ಹೊರತಲ್ಲ. ಜರ್ಮನಿಯ ಯೂಲಿಶ್‌ನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡ 'ಜುಪಿಟರ್' ಯಂತ್ರಕ್ಕೆ ಹತ್ತು ಮೆಗಾವಾಟ್‌ಗೂ ಅಧಿಕ ವಿದ್ಯುತ್ ಬೇಕು. ಅದರ ಗಣನಾ ಶಕ್ತಿಯ ಬಹುಪಾಲನ್ನು ಒದಗಿಸುವುದು ಅಮೆರಿಕದ ಎನ್‌ವಿಡಿಯಾ ಸಂಸ್ಥೆಯ ಚಿಪ್‌ಗಳು.

ಈ ಪರಾವಲಂಬನೆಯನ್ನು ತಗ್ಗಿಸುವ ಉದ್ದೇಶದಿಂದ ಯುರೋಪಿಯನ್ ಒಕ್ಕೂಟವು 2018ರಲ್ಲಿ ಪ್ರೊಸೆಸರ್ ಯೋಜನೆಯೊಂದನ್ನು ಕೈಗೊಂಡಿತು. ಅದರ ಫಲವಾಗಿ 2019ರಲ್ಲಿ ಫಿಲಿಪ್ ನಾಟನ್ ಅವರು ಪ್ಯಾರಿಸ್ ಸಮೀಪ 'ಸೈಪರ್ಲ್' ಸಂಸ್ಥೆಯನ್ನು ಸ್ಥಾಪಿಸಿದರು.

ಉಳಿತಾಯದ ಗುಟ್ಟು

ಸಂಸ್ಥೆಯ ಪ್ರಥಮ ಉತ್ಪನ್ನ 'ರಿಯಾ-1'. ಬ್ರಿಟನ್ನಿನ ಆರ್ಮ್ ಸಂಸ್ಥೆಯಿಂದ ಪರವಾನಗಿ ಪಡೆದ 80 ಕೋರ್‌ಗಳು ಹಾಗೂ 6,100 ಕೋಟಿ ಟ್ರಾನ್ಸಿಸ್ಟರ್‌ಗಳು ಇದರಲ್ಲಿವೆ. ಗಣನೆಗಿಂತ ದತ್ತಾಂಶವನ್ನು ಮೆಮೊರಿಯಿಂದ ಪ್ರೊಸೆಸರಿಗೆ ಸಾಗಿಸುವುದಕ್ಕೇ ಹೆಚ್ಚು ವಿದ್ಯುತ್ ವ್ಯಯವಾಗುವುದುಂಟು. ಗೋದಾಮು ದೂರವಿದ್ದಷ್ಟೂ ಸಾಗಾಣಿಕೆ ವೆಚ್ಚ ಏರುವಂತೆಯೇ ಇದು. ಆದುದರಿಂದ ಅತಿವೇಗದ ಮೆಮೊರಿಯನ್ನು ಪ್ರೊಸೆಸರಿನ ಪಕ್ಕದಲ್ಲಿಯೇ, ಒಂದೇ ಕವಚದೊಳಗೆ ಅಳವಡಿಸಲಾಗಿದೆ.

ವಿಳಂಬದ ಬೆಲೆ

ಸೈಪರ್ಲ್ ವಿನ್ಯಾಸವನ್ನಷ್ಟೇ ಮಾಡುತ್ತದೆ. ತಯಾರಿಕೆ ತೈವಾನಿನ ಟಿಎಸ್‌ಎಂಸಿಯದು. ಹೀಗಾಗಿ ಸ್ವಾವಲಂಬನೆ ಇನ್ನೂ ಅರ್ಧ ದಾರಿಯಲ್ಲಿದೆ. 2022ರ ವೇಳೆಗೆ ಮಾರುಕಟ್ಟೆಗೆ ಬರಬೇಕಿದ್ದ ಚಿಪ್‌ನ ವಿನ್ಯಾಸವು ತಯಾರಿಕೆಗೆ ಹೋದದ್ದು 2025ರಲ್ಲಿ. ಮಾದರಿಗಳನ್ನು 2026ರ ಆರಂಭದಲ್ಲಿ ನೀಡುವುದಾಗಿ ಸಂಸ್ಥೆಯು ಆಗ ಪ್ರಕಟಿಸಿತು. ಈ ನಡುವೆ ಆರ್ಮ್ ಹೊಸ ಪೀಳಿಗೆಯ ಕೋರ್‌ಗಳನ್ನು ಹೊರತಂದಿತು. ಜುಪಿಟರ್‌ನ ಒಂದು ವಿಭಾಗಕ್ಕೆ ರಿಯಾ-1 ಆಯ್ಕೆಯಾಗಿದ್ದರೂ, ಉದ್ಘಾಟನೆಯ ದಿನ ಆ ವಿಭಾಗ ಸಿದ್ಧವಿರಲಿಲ್ಲ. ಅದೇ ಯಂತ್ರದಲ್ಲಿ ಎನ್‌ವಿಡಿಯಾದ ಚಿಪ್‌ಗಳು ರಿಯಾ-1ಕ್ಕಿಂತ ಮುಂದಿನ ಪೀಳಿಗೆಯ ಆರ್ಮ್ ಕೋರ್‌ಗಳೊಡನೆ ಕಾರ್ಯನಿರತವಾಗಿದ್ದವು.

ಆದರೂ ಹೂಡಿಕೆದಾರರು ಹಿಂಜರಿಯಲಿಲ್ಲ. 2025ರ ಜುಲೈ ವೇಳೆಗೆ ಮೊದಲ ಪ್ರಮುಖ ಸುತ್ತಿನ ಬಂಡವಾಳ ಒಟ್ಟು 13 ಕೋಟಿ ಯೂರೋ ತಲುಪಿತು. ಫ್ರಾನ್ಸ್ ಸರ್ಕಾರ, ಯುರೋಪಿಯನ್ ನಾವೀನ್ಯ ಮಂಡಳಿ, ಆರ್ಮ್ ಮುಂತಾದವು ಇದರಲ್ಲಿ ಪಾಲ್ಗೊಂಡಿವೆ.

ಖಚಿತ ಗ್ರಾಹಕ ಹಾಗೂ ಸರ್ಕಾರದ ಬೆಂಬಲ ಎರಡೂ ಇರುವ ಉದ್ಯಮಕ್ಕೂ ಕಾಲ ಕಾಯುವುದಿಲ್ಲ. ಬೇಡಿಕೆ ಕೈಗೆ ಬಂದ ದಿನದಿಂದ ಸರಕು ಗ್ರಾಹಕನನ್ನು ತಲುಪುವ ದಿನದವರೆಗಿನ ಅಂತರದಲ್ಲಿಯೇ ಪ್ರತಿಸ್ಪರ್ಧಿ ಮುಂದೆ ಸಾಗುತ್ತಾನೆ. ಉದ್ಯಮಿಗಳು ಗಮನಿಸಬೇಕಾದ ಅಂಶವಿದು.