ಕೂದಲ ಗುಳಿಗೆಯ ಹಿಂದೊಂದು ಮೊಟ್ಟೆಯ ಕಥೆ

ಡೆಂಗಿ ವಾಸಿಯಾಗಿ ಮೂರು ತಿಂಗಳಾದ ಮೇಲೆ ಬಾಚಣಿಗೆ ತುಂಬ ಕೂದಲು ಬರುತ್ತಿದೆ, ಬಯೋಟಿನ್ ಗುಳಿಗೆ ನುಂಗಲೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಕೂದಲಿನ ಹೆಸರಿನಲ್ಲಿ ಔಷಧಿ ಅಂಗಡಿಗಳಲ್ಲಿ ಈಗ ಮೆರೆಯುತ್ತಿರುವುದು ಇದೇ ವಿಟಮಿನ್. ಅದಕ್ಕೆ ಈ ಕೀರ್ತಿ ತಂದುಕೊಟ್ಟದ್ದು ಇಲಿಗಳು.

1927ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಮಾರ್ಗರೆಟ್ ಬೋಯಸ್ ತಮ್ಮ ಇಲಿಗಳಿಗೆ ಪ್ರೋಟೀನೆಂದು ಒಣಗಿಸಿದ ಹಸಿ ಮೊಟ್ಟೆಯ ಬಿಳಿಯನ್ನಷ್ಟೇ ಹಾಕಿದರು. ಇಲಿಗಳ ಚರ್ಮ ಸುಲಿದು ರೋಮ ಉದುರಿತು. ಬೇಯಿಸಿದ ಬಿಳಿ ತಿಂದವಕ್ಕೆ ಏನೂ ಆಗಲಿಲ್ಲ. ಯೀಸ್ಟನ್ನೋ ಲಿವರನ್ನೋ ತಿನ್ನಿಸಿದರೆ ಕಾಯಿಲೆ ತಗ್ಗುತ್ತಿತ್ತು. ಅವುಗಳಲ್ಲಿ ಇದ್ದದ್ದೇನು? ವಿಜ್ಞಾನಿ ಪಾಲ್ ಗ್ಯೋರ್ಗಿ ಅದನ್ನು ವಿಟಮಿನ್ ಎಚ್ ಎಂದು ಕರೆದು ವರ್ಷಗಟ್ಟಲೆ ಬೆನ್ನುಹತ್ತಿದರು. ಈ ನಡುವೆ, 1936ರಲ್ಲಿ, ರಸಾಯನ ವಿಜ್ಞಾನಿ ಫ್ರಿಟ್ಜ್ ಕ್ಯೋಗ್ಲ್ ಬೇರೇನನ್ನೋ ಹುಡುಕುತ್ತ 250 ಕಿಲೋ ಒಣಗಿಸಿದ ಮೊಟ್ಟೆಯ ಹಳದಿಯಿಂದ ಬಯೋಟಿನ್ ಹರಳುಗಳನ್ನು ತೆಗೆದರು. ಸಿಕ್ಕಿದ್ದು 1.1 ಮಿಲಿಗ್ರಾಂ! ಇಂದಿನ 10 ಮಿಲಿಗ್ರಾಂ ಗುಳಿಗೆಯೊಂದರಲ್ಲಿ ಅದರ ಒಂಬತ್ತು ಪಟ್ಟು ಇರುತ್ತದೆ. ಗ್ಯೋರ್ಗಿಯವರ ವಿಟಮಿನ್ ಎಚ್, ಕ್ಯೋಗ್ಲ್ ಅವರ ಬಯೋಟಿನ್ ಎರಡೂ ಒಂದೇ ವಸ್ತು ಎಂಬುದು 1940ರಲ್ಲಿ ತಿಳಿಯಿತು. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ನನ್ನು ಉಡದ ಪಟ್ಟಿನಲ್ಲಿ ಹಿಡಿದು ಕರುಳು ಹೀರದಂತೆ ಮಾಡುತ್ತದೆ. ಬೆಂದರೆ ಆ ಪಟ್ಟು ಸಡಿಲ.

ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಕಡಲೆಕಾಯಿ, ಬೇಯಿಸಿದ ಮೊಟ್ಟೆ ತಿನ್ನುವವರಿಗೆ ಅದು ದಕ್ಕುತ್ತದೆ. ಕೊರತೆ ಕಾಣುವುದು ತಿಂಗಳುಗಟ್ಟಲೆ ಹಸಿ ಬಿಳಿ ಕುಡಿಯುವವರಲ್ಲಿ, ಕೆಲವು ಮೂರ್ಛೆರೋಗದ ಮಾತ್ರೆ ನುಂಗುವವರಲ್ಲಿ, ಅಪರೂಪದ ಆನುವಂಶಿಕ ದೋಷವಿರುವ ಮಕ್ಕಳಲ್ಲಿ. ಇವರಿಗೆ ಬಯೋಟಿನ್ ಕೊಟ್ಟರೆ ಕೂದಲು ಮರಳುವುದು ನಿಜ. ಮಿಕ್ಕವರಿಗೂ ಹಾಗೇ ಎನ್ನುವುದು ವ್ಯಾಪಾರದ ಮಾತು.

ಹಾಗಾದರೆ ನಮ್ಮ ಓದುಗರ ಕೂದಲು ಉದುರುತ್ತಿರುವುದೇಕೆ? ಡೆಂಗಿ, ಟೈಫಾಯ್ಡ್, ಹೆರಿಗೆಯಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಮ್ಮೆಲೇ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ಬಳಿಕ ಅವೆಲ್ಲ ಒಟ್ಟಿಗೆ ಉದುರುತ್ತವೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನಾಗಿ ನಿಲ್ಲುತ್ತದೆ. ಅಷ್ಟರಲ್ಲಿ ನುಂಗಿದ ಗುಳಿಗೆಗೆ ಪುಕ್ಕಟೆ ಹೆಸರು!

ನಮ್ಮಲ್ಲಿ ಮೊದಲು ನೋಡಬೇಕಾದದ್ದು ಬಯೋಟಿನ್ನನ್ನಲ್ಲ, ಕಬ್ಬಿಣವನ್ನು; ಅದು ಕಡಿಮೆಯಾದರೂ ಕೂದಲು ಉದುರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕೂದಲು ಉದುರುತ್ತಿದ್ದರೆ ಹಿಮೋಗ್ಲೋಬಿನ್ ಜೊತೆಗೆ, ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರುವ ಫೆರಿಟಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಸಸ್ಯಾಹಾರಿಗಳು ಬಿ12 ಕೂಡ. ಹಾಗೆಂದು ಸಿಕ್ಕ ವಿಟಮಿನ್ನನ್ನೆಲ್ಲ ನುಂಗಬೇಡಿ: ವಿಟಮಿನ್ ಎ ಅತಿಯಾದರೆ ಕೂದಲು ಉದುರುವುದೇ ಹೆಚ್ಚುತ್ತದೆ.

ಬಯೋಟಿನ್ ಹೆಚ್ಚಾದರೂ ತೊಂದರೆಯೇ: ಅದು ಥೈರಾಯ್ಡ್ ಪರೀಕ್ಷೆಯನ್ನೂ ಹೃದಯಾಘಾತ ಪತ್ತೆಯ ಟ್ರೋಪೋನಿನ್ ಪರೀಕ್ಷೆಯನ್ನೂ ದಾರಿ ತಪ್ಪಿಸಬಲ್ಲದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಆದ್ದರಿಂದ ಈಗಾಗಲೇ ಗುಳಿಗೆ ನುಂಗುತ್ತಿದ್ದರೆ, ಪರೀಕ್ಷೆಗೆ ರಕ್ತ ಕೊಡುವ ಮುನ್ನ ವೈದ್ಯರಿಗೂ ಲ್ಯಾಬಿನವರಿಗೂ ಹೇಳಿಬಿಡಿ.