ಸಾಲ ತೀರಿತು, ಮನೆಯ ಋಣಭಾರ ತೀರಿತೇ? ಒಪ್ಪಂದಕ್ಕೆ ಮುನ್ನ ಅರಿಯಬೇಕಾದ ಅಂಶಗಳು

ಉರಿಗಾಂ: ಬ್ಯಾಂಕಿನೊಂದಿಗೆ ಮಾತುಕತೆ ನಡೆಸಿ, ಒಂದೇ ಬಾರಿಗೆ ಹಣ ಕಟ್ಟಿ ಹಳೆಯ ಸಾಲವನ್ನು ತೀರಿಸಿದವರು ನೆಮ್ಮದಿಯ ಉಸಿರು ಬಿಡುವುದು ಸಹಜ. ಆದರೆ ಸಾಲದ ಖಾತೆ ಮುಚ್ಚುವುದು ಒಂದು ಕೆಲಸ; ಮನೆಯ ಮೇಲಿನ ಋಣಭಾರ ಅಳಿಯುವುದು ಬೇರೆಯದೇ ಕೆಲಸ. ಎರಡನೆಯದು ಪೂರ್ಣಗೊಳ್ಳದಿದ್ದಲ್ಲಿ ಮನೆಯನ್ನು ಮಾರಲು, ಮಕ್ಕಳಿಗೆ ಬಿಟ್ಟುಕೊಡಲು ಅಥವಾ ಹೊಸ ಸಾಲ ಪಡೆಯಲು ಹಲವು ವರ್ಷಗಳ ನಂತರವೂ ತೊಡಕು ಎದುರಾಗುತ್ತದೆ.

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರಲ್ಲಿ ಮುಚ್ಚಿದವು. ಅಂದಿನಿಂದ ಮಾರಿಕುಪ್ಪಂ, ಉರಿಗಾಂ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗುವವರ ಅನೇಕ ಕುಟುಂಬಗಳಿಗೆ ಸ್ವಂತ ಮನೆಯೊಂದೇ ದೊಡ್ಡ ಆಸ್ತಿ. ಅದು ಕೈತಪ್ಪಿದರೆ ಮತ್ತೆ ಗಳಿಸುವುದು ಸುಲಭವಲ್ಲ.

ಸ್ವಂತ ಪಾಲು ಎಷ್ಟು?

ಮನೆಯ ಮಾರುಕಟ್ಟೆ ಬೆಲೆಯಲ್ಲಿ ಅದರ ಮೇಲಿನ ಸಾಲದ ಬಾಕಿಯನ್ನು ಕಳೆದಾಗ ಉಳಿಯುವುದೇ ಮಾಲೀಕನ ನಿಜವಾದ ಪಾಲು. ಉದಾಹರಣೆಗೆ, 20 ಲಕ್ಷ ರೂಪಾಯಿ ಬೆಲೆಯ ಮನೆಯ ಮೇಲೆ 9 ಲಕ್ಷ ರೂಪಾಯಿ ಬಾಕಿ ಇದ್ದರೆ ಮಾಲೀಕನ ಪಾಲು 11 ಲಕ್ಷ. ಅದೇ ಮನೆ ಹರಾಜಿನಲ್ಲಿ 14 ಲಕ್ಷಕ್ಕೆ ಹೋದರೆ ಆ ಪಾಲು 5 ಲಕ್ಷಕ್ಕೆ ಇಳಿಯುತ್ತದೆ. ಹರಾಜಿನ ವೆಚ್ಚವೂ ಅದರಿಂದಲೇ ಹೋಗುತ್ತದೆ. ಬ್ಯಾಂಕಿನ ಒಪ್ಪಿಗೆ ಪಡೆದು ಮಾಲೀಕನೇ 19 ಲಕ್ಷಕ್ಕೆ ಮಾರಿದರೆ 10 ಲಕ್ಷ ಕೈಯಲ್ಲಿ ಉಳಿಯುತ್ತದೆ. ಬಂಧುಗಳ ನೆರವಿನಿಂದ 7 ಲಕ್ಷಕ್ಕೆ ಒಪ್ಪಂದ ಕುದುರಿದರೆ ಮನೆಯೂ ಉಳಿಯುತ್ತದೆ. ಆದ್ದರಿಂದ ಬ್ಯಾಂಕಿಗೆ ಹೋಗುವ ಮುನ್ನ ಈ ಲೆಕ್ಕ ಹಾಕಿಕೊಳ್ಳುವುದು ಅಗತ್ಯ.

ಸ್ಕಾಟ್ಲೆಂಡಿನಲ್ಲಿ ಸಾಲಗಾರರಿಗಾಗಿ ಇರುವ 'ಟ್ರಸ್ಟ್ ಡೀಡ್' ವ್ಯವಸ್ಥೆಯಲ್ಲಿ ಈ ಲೆಕ್ಕವನ್ನು ಆರಂಭದಲ್ಲೇ ಮಾಡಲಾಗುತ್ತದೆ. ಸಾಮಾನ್ಯವಾಗಿ 4 ವರ್ಷ ಕಂತು ಕಟ್ಟುವ ಆ ವ್ಯವಸ್ಥೆಯಲ್ಲಿ ಮನೆಯಲ್ಲಿರುವ ಪಾಲಿಗೆ ಸಮನಾದ ಹಣವನ್ನು ಹೆಚ್ಚುವರಿ ಕಂತು, ಬಂಧುಗಳ ನೆರವು, ಮರು ಅಡಮಾನ ಅಥವಾ ಮಾರಾಟದ ಮೂಲಕ ಹೊಂದಿಸುವ ದಾರಿಗಳಿವೆ. ಭಾರತದಲ್ಲಿ 2016ರ ದಿವಾಳಿ ಸಂಹಿತೆಯು ವ್ಯಕ್ತಿಗಳ ಸಾಲಕ್ಕೂ ಇಂತಹ ಕ್ರಮವನ್ನು ರೂಪಿಸಿದೆಯಾದರೂ, ಆ ಭಾಗ 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ ಜಾರಿಗೆ ಬಂದಿದೆ. ಉಳಿದವರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಆಧಾರ. ಹೀಗಾಗಿ ಸಾಮಾನ್ಯ ಸಾಲಗಾರರು ಈ ಹೊಂದಾಣಿಕೆಯನ್ನು ಬ್ಯಾಂಕಿನೊಂದಿಗೆ ತಾವೇ ಮಾಡಿಕೊಳ್ಳಬೇಕಾಗುತ್ತದೆ.

ಒಪ್ಪಂದ ಹಕ್ಕಲ್ಲ

ಒಂದೇ ಬಾರಿಗೆ ಸಾಲ ತೀರಿಸುವ ರಿಯಾಯಿತಿ ಒಪ್ಪಂದವನ್ನು ಸಾಲಗಾರ ಹಕ್ಕಾಗಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಒಪ್ಪುವುದು, ಬಿಡುವುದು ಬ್ಯಾಂಕಿನ ವಿವೇಚನೆಗೆ ಸೇರಿದ್ದು. ಒಪ್ಪಿದಲ್ಲಿ ಮೊತ್ತ, ಕೊನೆಯ ದಿನಾಂಕ ಮತ್ತು ಹಣ ಸಂದಾಯವಾದ ಮೇಲೆ ಅಡಮಾನ ಬಿಡುಗಡೆ ಮಾಡುವ ಭರವಸೆ ಈ ಮೂರೂ ಲಿಖಿತ ಪತ್ರದಲ್ಲಿ ಇರಬೇಕು. ಬಾಯಿಮಾತನ್ನು ನಂಬಿ ಹಣ ಕಟ್ಟುವುದು ಅಪಾಯಕರ.

ಕಾಲಮಿತಿಯೂ ಮುಖ್ಯ. ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮೊದಲು 60 ದಿನಗಳ ನೋಟಿಸ್ ನೀಡುತ್ತದೆ. ಹರಾಜಿನ ಪ್ರಕಟಣೆ ಹೊರಬೀಳುವುದರೊಳಗೆ ಪೂರ್ತಿ ಬಾಕಿ ಕಟ್ಟಿದರೆ ಮನೆಯನ್ನು ಬಿಡಿಸಿಕೊಳ್ಳಬಹುದು. ಪ್ರಕಟಣೆಯ ನಂತರ ಈ ಹಕ್ಕು ಉಳಿಯದು ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕಿನ ಕ್ರಮ ತಪ್ಪೆಂದು ಕಂಡಲ್ಲಿ 45 ದಿನಗಳೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಹರಾಜು ನಡೆದೇ ಹೋದರೂ ಬಾಕಿ ಮತ್ತು ವೆಚ್ಚ ಕಳೆದು ಉಳಿದ ಹಣ ಮಾಲೀಕನಿಗೆ ಸೇರತಕ್ಕದ್ದು. ಅದನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಕಾರ್ಮಿಕನ ಮನೆಗೆ ರಕ್ಷಣೆ

ಕೈಸಾಲ ಅಥವಾ ಅಡಮಾನವಿಲ್ಲದ ಸಾಲಕ್ಕೆ ನಿಯಮ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಕೃಷಿಕ, ಕಾರ್ಮಿಕ ಅಥವಾ ಮನೆಗೆಲಸದವರಿಗೆ ಸೇರಿದ, ಅವರೇ ವಾಸವಿರುವ ಮನೆಯನ್ನು ಡಿಕ್ರಿಯ ಹಣಕ್ಕಾಗಿ ಜಪ್ತಿ ಮಾಡುವಂತಿಲ್ಲ. ಗಣಿ ಪ್ರದೇಶದ ದುಡಿಯುವ ಜನರು ಅರಿಯಬೇಕಾದ ಅಂಶವಿದು. ಆದರೆ ಅದೇ ಮನೆಯನ್ನು ಅಡಮಾನ ಇಟ್ಟಿದ್ದರೆ ಆ ಸಾಲದ ಮಟ್ಟಿಗೆ ಈ ರಕ್ಷಣೆ ದೊರೆಯದು. ಕೈಸಾಲವನ್ನು ತೀರಿಸಲೆಂದು ಮನೆಯನ್ನು ಅಡವಿಡುವ ಮುನ್ನ ಇದನ್ನು ಯೋಚಿಸುವುದು ಒಳಿತು. ತಂದೆಯ ಮರಣಾನಂತರ ಅವರ ಸಾಲಕ್ಕೆ ಮಕ್ಕಳು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ಮಕ್ಕಳೇ ಜಾಮೀನು ನಿಂತಿದ್ದರೆ ಮಾತು ಬೇರೆ.

ಕಂಪನಿ ಕಟ್ಟಿಸಿದ ಕ್ವಾರ್ಟರ್ಸ್‌ಗಳಲ್ಲಿ ವಾಸವಿದ್ದು, ಹಕ್ಕುಪತ್ರ ಕೈಸೇರದವರು ಇನ್ನೊಂದು ಅಂಶ ಗಮನಿಸಬೇಕು. ವಾಸ ಬೇರೆ, ಮಾಲೀಕತ್ವ ಬೇರೆ. ಹಕ್ಕುಪತ್ರವಿಲ್ಲದ ಮನೆಯನ್ನು ತೋರಿಸಿ ಖಾಸಗಿಯವರಿಂದ ಸಾಲ ಪಡೆದು, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕುವುದು ಮುಂದಿನ ವ್ಯಾಜ್ಯಕ್ಕೆ ದಾರಿ.

ಬಂಧುಗಳ ಹಣಕ್ಕೂ ಕಾಗದ ಬೇಕು

ಅಣ್ಣನೋ ಅಳಿಯನೋ ಹಣ ಕೊಟ್ಟು ಮನೆ ಉಳಿಸಿಕೊಟ್ಟಾಗ, ಅದು ಸಾಲವೇ, ಕೊಡುಗೆಯೇ, ಮನೆಯ ಪಾಲಿನ ಬೆಲೆಯೇ ಎಂಬುದು ಅಂದೇ ಇತ್ಯರ್ಥವಾಗಬೇಕು. ಸಾಲವಾದರೆ ಕರಾರುಪತ್ರ ಸಾಕು. ಪಾಲನ್ನೇ ಮಾರುವುದಾದರೆ ನೋಂದಾಯಿತ ಕ್ರಯಪತ್ರ ಬೇಕು. ಬಾಯಿಮಾತಿಗೆ ಕಾನೂನಿನ ಬಲವಿಲ್ಲ. ಬ್ಯಾಂಕಿನ ಸಾಲ ಮುಗಿದ ಮೇಲೆ ಒಡಹುಟ್ಟಿದವರ ನಡುವೆ ವ್ಯಾಜ್ಯ ಹುಟ್ಟದಂತೆ ತಡೆಯುವ ಉಪಾಯ ಇದೊಂದೇ.

ಹಣ ಕಟ್ಟಿದ ನಂತರದ ಕೆಲಸಗಳು

ಸಾಲ ಪೂರ್ಣ ತೀರಿದ ಅಥವಾ ಒಪ್ಪಂದದಂತೆ ಇತ್ಯರ್ಥವಾದ 30 ದಿನಗಳೊಳಗೆ ಆಸ್ತಿಯ ಮೂಲ ದಾಖಲೆಗಳನ್ನು ಮರಳಿಸಿ, ನೋಂದಾಯಿತ ಋಣಭಾರವನ್ನು ತೆಗೆಸಬೇಕೆಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಸೂಚಿಸಿದೆ. 2023ರ ಡಿಸೆಂಬರ್ 1ರ ನಂತರದ ಪ್ರಕರಣಗಳಿಗೆ ಇದು ಅನ್ವಯ. ಬ್ಯಾಂಕಿನ ತಪ್ಪಿನಿಂದ ವಿಳಂಬವಾದಲ್ಲಿ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ನೀಡಬೇಕು. ದಾಖಲೆ ಕಳೆದುಹೋಗಿದ್ದರೆ ದೃಢೀಕೃತ ಪ್ರತಿ ಪಡೆಯಲು ನೆರವಾಗಿ, ಅದರ ವೆಚ್ಚವನ್ನೂ ಬ್ಯಾಂಕೇ ಭರಿಸಬೇಕು. ಇದಕ್ಕೆ ಹೆಚ್ಚುವರಿ 30 ದಿನ ಅವಕಾಶವಿದೆ. ಸಹಕಾರಿ ಬ್ಯಾಂಕುಗಳು ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳೂ ಈ ನಿಯಮಕ್ಕೆ ಒಳಪಡುತ್ತವೆ.

ಮೊದಲಿಗೆ ಬಾಕಿ ಇಲ್ಲವೆಂಬ ಪತ್ರ ಮತ್ತು ಮೂಲ ಕ್ರಯಪತ್ರ ಪಡೆಯಬೇಕು. ಅಡಮಾನ ನೋಂದಣಿಯಾಗಿದ್ದರೆ ಬಿಡುಗಡೆ ಪತ್ರವೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಬಳಿಕ ಹೊಸ ಋಣಭಾರ ಪ್ರಮಾಣಪತ್ರ ತೆಗೆಸಿ ಬಿಡುಗಡೆ ನಮೂದಾಗಿದೆಯೇ ನೋಡಬೇಕು. ಸೆರ್ಸಾಯ್ ಎಂಬ ಕೇಂದ್ರೀಯ ನೋಂದಣಿಯಲ್ಲಿ ಅಡಮಾನ ದಾಖಲಾಗಿದ್ದರೆ ಅದನ್ನೂ ಬ್ಯಾಂಕು ತೆಗೆಸಬೇಕು. ರಿಯಾಯಿತಿ ಒಪ್ಪಂದದಲ್ಲಿ ತೀರಿದ ಸಾಲವು ಸಾಲದ ವರದಿಯಲ್ಲಿ 'ಮುಕ್ತಾಯ' ಎಂದಲ್ಲ, 'ಸೆಟಲ್ಡ್' ಎಂದು ದಾಖಲಾಗುತ್ತದೆ. ಮುಂದೆ ಸಾಲ ಕೇಳುವಾಗ ಇದು ಅಡ್ಡಿಯಾಗಬಹುದು.

ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಹಾಗೂ ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಡಿಕ್ರಿಯ ಬಲವಿದ್ದು, ಮೇಲ್ಮನವಿಗೆ ಅವಕಾಶವಿರುವುದಿಲ್ಲ. ಆದ ಕಾರಣ ಅಲ್ಲಿಯೂ ಅಡಮಾನ ಬಿಡುಗಡೆಯ ಷರತ್ತು ರಾಜಿ ಪತ್ರದಲ್ಲಿ ಸೇರಿದೆಯೇ ಎಂದು ಓದಿ ನೋಡಿದ ನಂತರವೇ ಸಹಿ ಹಾಕಬೇಕು.